ಅಜ್ಜನ ರೀಲಿನಲ್ಲಿ ಬರೀ ನೀರು. ಇದರಿಂದ ಸಾಕ್ಷ್ಯಚಿತ್ರ ಆಗುತ್ತಾ?

ವೋಲ್ಗಾ_ಅಳಿಯ:

ಎಲ್ಲರಿಗೂ ನಮಸ್ಕಾರ. ರಷ್ಯಾದ ಸಾಕ್ಷ್ಯಚಿತ್ರ ನೋಡಿದವರು ಇಲ್ಲಿ ಒಂದಿಬ್ಬರಾದರೂ ಇದ್ದಾರೆ ಅಂತ ಹಳೇ ಚರ್ಚೆಗಳನ್ನು ಓದಿ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೈಕೋಬೇಡಿ.

ನಾನು 11 ವರ್ಷದಿಂದ ರಿಬಿನ್ಸ್ಕ್‌ನಲ್ಲಿದ್ದೇನೆ. ಯಾರೊಸ್ಲಾವ್ಲ್ ಪ್ರಾಂತ್ಯದ ಊರು, ವೋಲ್ಗಾ ದಡ. ಹೆಂಡತಿ ಇಲ್ಲಿಯವಳು. ಅವಳ ಅಜ್ಜಿ ಹುಟ್ಟಿದ್ದು 1934ರಲ್ಲಿ, ಮೊಲೊಗಾ ಅನ್ನುವ ಊರಿನಲ್ಲಿ. ಆ ಊರು ಈಗ ಇಲ್ಲ. ಇಲ್ಲಿಂದ ಸುಮಾರು 30 ಕಿ.ಮೀ. ದೂರದಲ್ಲಿ ನೀರಿನ ಕೆಳಗಿದೆ. ಇಲ್ಲಿ ಅಣೆಕಟ್ಟು ಕಟ್ಟಬೇಕು ಅಂತ 1935ರಲ್ಲಿ ತೀರ್ಮಾನ ಆಯಿತು. ಮೊದಲು ನೀರಿನ ಮಟ್ಟ 98 ಮೀಟರ್ ಅಂತಿತ್ತು, ಆಮೇಲೆ ಜಾಸ್ತಿ ಮಾಡಿ 102 ಅಂದರು. ಆ ನಾಲ್ಕು ಮೀಟರಿಗೆ ಊರು ಹೋಯಿತು. ಮೊಲೊಗಾದವರು, ಸುತ್ತಲಿನ ನೂರಾರು ಹಳ್ಳಿಯವರು ಎಲ್ಲ ಸೇರಿ ಸುಮಾರು 1,30,000 ಜನ ಎದ್ದು ಹೋಗಬೇಕಾಯಿತು. 1941ರ ಏಪ್ರಿಲ್‌ನಲ್ಲಿ ನೀರು ತುಂಬಿಸಲು ಶುರು ಮಾಡಿದರು. ಅಣೆಕಟ್ಟಿನಲ್ಲಿ ದುಡಿದವರು ವೋಲ್ಗೊಲಾಗ್ ಶಿಬಿರದ ಕೈದಿಗಳು.

ಮರದ ದಿಮ್ಮಿಯ ಮನೆಗಳನ್ನು ಬಿಚ್ಚಿ, ದಿಮ್ಮಿಗಳಿಗೆ ನಂಬರ್ ಹಾಕಿ, ತೆಪ್ಪ ಕಟ್ಟಿ ನದಿಯಲ್ಲಿ ತೇಲಿಸಿಕೊಂಡು ಬಂದರಂತೆ. ಅಜ್ಜಿ ಈಗಲೂ ಅದೇ ಮನೆಯಲ್ಲಿದ್ದಾರೆ, ಸ್ಲಿಪ್ ಅನ್ನುವ ಬಡಾವಣೆಯಲ್ಲಿ. ಅಡುಗೆಮನೆಯಲ್ಲಿ ಗೋಡೆಗೆ ಅಂಟಿಸಿದ ಕಾಗದ ಒಂದು ಕಡೆ ಎದ್ದು ಬಂದಿದೆ. ಅದರ ಹಿಂದೆ ಕೊಡಲಿಯಲ್ಲಿ ಕೊರೆದ ಗುರುತು ಕಾಣುತ್ತದೆ. ಒಂದು ಇಂಟು, ಪಕ್ಕದಲ್ಲಿ ಮೂರು ಗೀಟು. ಅಂದರೆ ರೋಮನ್ ಅಂಕಿಯಲ್ಲಿ 13ನೇ ದಿಮ್ಮಿ.

ಇದನ್ನು ನೋಡಿದ ದಿನವೇ ಸಿನಿಮಾ ಮಾಡಬೇಕು ಅನ್ನುವ ಹುಚ್ಚು ಹತ್ತಿತು. ಒಂದು ಸಾಧಾರಣ ಕ್ಯಾಮೆರಾ ಇದೆ, ಸ್ಟ್ಯಾಂಡ್ ಇದೆ. ಕಳೆದ ಚಳಿಗಾಲದಿಂದ 9 ಗಂಟೆಯಷ್ಟು ತೆಗೆದಿದ್ದೇನೆ. ಅಜ್ಜಿಯನ್ನು ಕಿಟಕಿ ಪಕ್ಕ ಕೂರಿಸಿ ಪ್ರಶ್ನೆ ಕೇಳುತ್ತೇನೆ. ಅವರು ಏನೂ ಹೇಳುವುದಿಲ್ಲ! "ಊರು ಬಿಟ್ಟಾಗ ಏನನಿಸಿತು?" ಅಂದರೆ "ಹೊರಟು ಬಂದೆವು, ಅಷ್ಟೇ" ಅನ್ನುತ್ತಾರೆ. "ಬೇಜಾರಾಗಲಿಲ್ವಾ?" ಅಂದರೆ "ನನಗೆ ಆರು ವರ್ಷ" ಅನ್ನುತ್ತಾರೆ. ಆಮೇಲೆ ನನಗೆ ಊಟ ಬಡಿಸಲು ಎದ್ದು ಹೋಗುತ್ತಾರೆ.

ಇನ್ನೊಂದು ಇದೆ. ಹೆಂಡತಿಯ ಅಜ್ಜ (ತೀರಿಕೊಂಡು ಬಹಳ ವರ್ಷ ಆಯಿತು) ಕ್ವಾರ್ಟ್ಸ್-2 ಅನ್ನುವ ಕ್ಯಾಮೆರಾದಲ್ಲಿ ಮನೆಯ ಸಿನಿಮಾ ತೆಗೆಯುತ್ತಿದ್ದರು. 14 ರೀಲು ಸಿಕ್ಕಿವೆ. ಒಂದು ಅಂಗಡಿಗೆ ಕೊಟ್ಟು ಡಿಜಿಟಲ್ ಮಾಡಿಸಿದೆ. ಮದುವೆ, ಹೊಸ ವರ್ಷದ ಮರ, ಸ್ಲೆಡ್ಜ್ ಮೇಲೆ ನನ್ನ ಅತ್ತೆ, ಆಲೂಗಡ್ಡೆ ಅಗೆಯುವುದು, ಎಲ್ಲ ಚೆನ್ನಾಗಿವೆ. ಆದರೆ ಒಂದು ರೀಲಿನಲ್ಲಿ ಬರೀ ನೀರು. ಮೂರೂವರೆ ನಿಮಿಷ ನೀರು ಬಿಟ್ಟರೆ ಏನೂ ಇಲ್ಲ. ಅಲೆಗಳು ಏನೋ ಗಡಿಬಿಡಿಯಲ್ಲಿ ಓಡುತ್ತವೆ. ನಡುವೆ ಒಂದು ಕಡೆ ಬೆಳಕು ಹೊಡೆದು ಪೂರ್ತಿ ಬೆಳ್ಳಗಾಗಿದೆ. ಡಬ್ಬಿಯ ಮೇಲೆ ಪೆನ್ಸಿಲ್ಲಿನಲ್ಲಿ "ಆಗಸ್ಟ್" ಅಂತ ಇದೆ, ವರ್ಷ ಇಲ್ಲ. ದೋಣಿಯಲ್ಲಿ ಕೂತಾಗ ಕೈತಪ್ಪಿ ಕ್ಯಾಮೆರಾ ಓಡಿರಬೇಕು, ಇದು ಬೇಡ ಬಿಡಿ ಅಂತ ಅಂಗಡಿಯವನು ಹೇಳಿದ.

ನನ್ನ ಪ್ರಶ್ನೆ: ಇಂಥ ಮನೆ-ಊರು-ನೆನಪಿನ ಚಿತ್ರಗಳನ್ನು ಇಲ್ಲಿನ ಸ್ವತಂತ್ರ ನಿರ್ದೇಶಕರು ಹೇಗೆ ಮಾಡಿದ್ದಾರೆ? ಮೊದಲು ಏನು ನೋಡಲಿ? ಅಜ್ಜಿ ಮಾತಾಡದಿದ್ದರೆ ನಾನೇ ಹಿನ್ನೆಲೆ ಧ್ವನಿ ಕೊಟ್ಟು ಕಥೆ ಹೇಳಿಬಿಡಲಾ? ನೀರಿನ ರೀಲಿಗೆ ಒಂದು ಪಿಯಾನೋ ಸಂಗೀತ ಹಾಕಿದರೆ ಚೆನ್ನಾಗಿರುತ್ತೆ ಅನ್ನಿಸುತ್ತಿದೆ.

---

ಕತ್ತರಿ_ಮೇಜು:

ಪಿಯಾನೋ ಬೇಡ. ದಯವಿಟ್ಟು ಬೇಡ. ಉಳಿದದ್ದು ಆಮೇಲೆ ಮಾತಾಡೋಣ.

ನಾನು ಮಾಸ್ಕೋದಲ್ಲಿ ಮೂರು ವರ್ಷ ಎಡಿಟಿಂಗ್ ಮಾಡಿದವಳು. ಪಕ್ಕದ ಮೇಜಿನ ಹುಡುಗಿ ಸಾಕ್ಷ್ಯಚಿತ್ರ ನಿರ್ದೇಶಕಿ ಮರೀನಾ ರಜ್ಬೆಝ್ಕಿನಾ ಅವರ ಸಿನಿಮಾ ಶಾಲೆಯಲ್ಲಿ ಕಲಿತವಳು. ರಜ್ಬೆಝ್ಕಿನಾ ಕಜಾನ್‌ನವರು. ನಾಟಕದ ಮಿಖಾಯಿಲ್ ಉಗಾರೋವ್ ಜೊತೆ ಸೇರಿ ಆ ಶಾಲೆ ಕಟ್ಟಿದರು. ಕಳೆದ 15 ವರ್ಷದಲ್ಲಿ ಅಲ್ಲಿ ಹೊಸದಾಗಿ ಕ್ಯಾಮೆರಾ ಹಿಡಿದವರಲ್ಲಿ ತುಂಬಾ ಜನ ಆ ಬಾಗಿಲಿನಿಂದಲೇ ಬಂದವರು. ಅಲ್ಲಿ ಸೇರಿದ ಕೂಡಲೇ ಬೇಡಗಳ ಒಂದು ಪಟ್ಟಿ ಕೊಡುತ್ತಾರೆ. ಸ್ಟ್ಯಾಂಡ್ ಬೇಡ. ಸಂಗೀತ ಬೇಡ. ಹಿನ್ನೆಲೆ ಧ್ವನಿ ಬೇಡ. ಸಂದರ್ಶನ ಬೇಡ. ಕದ್ದು ಚಿತ್ರೀಕರಿಸುವುದೂ ಬೇಡ. ನೀವು ಇದರಲ್ಲಿ ಕೊನೆಯದೊಂದನ್ನು ಬಿಟ್ಟು ಎಲ್ಲ ಮಾಡಿದ್ದೀರಿ ಅಥವಾ ಮಾಡಲು ಹೊರಟಿದ್ದೀರಿ. 😄

ಸಂದರ್ಶನ ಯಾಕೆ ಬೇಡ ಅಂದರೆ, ಎದುರು ಕೂರಿಸಿ ಕೇಳಿದಾಗ ಮನುಷ್ಯ ಸಿದ್ಧ ಮಾಡಿಟ್ಟುಕೊಂಡ ಕಥೆಯನ್ನೇ ಎತ್ತಿ ಕೊಡುತ್ತಾನೆ. ನೂರು ಸಲ ಹೇಳಿ ನುಣುಪಾದ ಕಥೆ. ಮೊಲೊಗಾದ ಬಗ್ಗೆ ಅಂಥ ಸಿದ್ಧ ಕಥೆಗಳಿಗೆ ಬರವೇ ಇಲ್ಲ. ನೀರಿನಡಿಯಿಂದ ಗಂಟೆ ಕೇಳಿಸುತ್ತದೆ ಅನ್ನುವುದೊಂದು. ನೂರಾರು ಜನ ಊರು ಬಿಡಲ್ಲ ಅಂತ ತಮ್ಮನ್ನೇ ಕಟ್ಟಿಹಾಕಿಕೊಂಡು ಮುಳುಗಿದರು ಅನ್ನುವುದು ಇನ್ನೊಂದು. ಈ ಎರಡನೆಯದು ಒಂದು ಕಾಗದದ ಮೇಲೆ ನಿಂತಿದೆ, ಆ ಕಾಗದ ಅಸಲಿಯೇ ಅನ್ನುವುದರ ಬಗ್ಗೆ ತಿಳಿದವರಲ್ಲೇ ಜಗಳ ಇದೆ. ನಿಮ್ಮ ಅಜ್ಜಿ ಇದ್ಯಾವುದನ್ನೂ ಹೇಳಲಿಲ್ಲ. "ನನಗೆ ಆರು ವರ್ಷ" ಅಂದರು. ಇದಕ್ಕಿಂತ ಪ್ರಾಮಾಣಿಕ ಉತ್ತರ ನಿಮಗೆ ಬೇಕಿತ್ತಾ? ನಿಮ್ಮ ಅದೃಷ್ಟ ಚೆನ್ನಾಗಿದೆ, ಅವರು ನಿಮಗೆ ಭಾಷಣ ಮಾಡುತ್ತಿಲ್ಲ.

ಆ ಶಾಲೆಯವರ ಬಾಯಲ್ಲಿ ಸದಾ ಇರುವ ಮಾತು "ಹಾವಿನ ವಲಯ". ಹಾವಿಗೆ ಒಂದು ದೂರ ಅಂತ ಇರುತ್ತದೆ. ಅದರಾಚೆ ಇದ್ದರೆ ನೀವು ಇದ್ದೀರಿ ಅಂತ ಅದಕ್ಕೆ ಲೆಕ್ಕಕ್ಕೇ ಇಲ್ಲ. ಒಳಗೆ ಕಾಲಿಟ್ಟರೆ ಹೆಡೆ ಎತ್ತುತ್ತದೆ. ಮನುಷ್ಯನಿಗೂ ಹಾಗೇ. ಕ್ಯಾಮೆರಾ ಆ ಗೆರೆ ದಾಟಿ ಒಳಗೆ ಹೋಗಬೇಕು, ಆದರೆ ಅವರು ಹೆಡೆ ಎತ್ತಬಾರದು. ಇದಕ್ಕೆ ಜೂಮ್ ಸಹಾಯಕ್ಕೆ ಬರುವುದಿಲ್ಲ. ಕಾಲೇ ನಡೆದು ಹೋಗಬೇಕು. ವಾರಗಟ್ಟಲೆ, ತಿಂಗಳುಗಟ್ಟಲೆ ಸುಮ್ನೆ ಅಲ್ಲಿರಬೇಕು.

ನನ್ನ ಪಕ್ಕದ ಮೇಜಿನವಳು ಒಂದು ಸಣ್ಣ ಊರಿನಲ್ಲಿ ಅವಳ ಅತ್ತೆಯನ್ನು ನಾಲ್ಕು ತಿಂಗಳು ಚಿತ್ರೀಕರಿಸಿದ್ದಳು. ಆ ಸಾಮಗ್ರಿಯನ್ನು ಇಬ್ಬರೂ ಕೂತು ನೋಡಿದೆವು. ಮೊದಲ 20 ಗಂಟೆಯ ಪ್ರತಿ ಶಾಟ್‌ನಲ್ಲೂ ಆ ಹೆಂಗಸಿನ ತುಟಿಗೆ ಲಿಪ್‌ಸ್ಟಿಕ್ ಇದೆ. ಬೆಳಗ್ಗೆ ಆರಕ್ಕೆ ಒಲೆಗೆ ಸೌದೆ ಹಾಕುವಾಗಲೂ ಲಿಪ್‌ಸ್ಟಿಕ್! ಒಂದು ದಿನ ಅದು ಮಾಯ. ಅಲ್ಲಿಂದ ಹಿಂದಿನದನ್ನೆಲ್ಲ ಅವಳು ಒಂದೇ ಏಟಿಗೆ ತೆಗೆದುಹಾಕಿದಳು. ನನಗೆ ಹೊಟ್ಟೆ ಉರಿಯಿತು, ಒಳ್ಳೊಳ್ಳೆ ಬೆಳಕಿನ ಶಾಟ್‌ಗಳಿದ್ದವು. ಈಗ ಯೋಚಿಸಿದರೆ ಅವಳು ಮಾಡಿದ್ದೇ ಸರಿ.

ಹಾಗಂತ ಆ ಪಟ್ಟಿ ವೇದವಾಕ್ಯ ಅಲ್ಲ. ಕಲಿಯುವವರ ಕೈಗೆ ಊರುಗೋಲು ಸಿಗದಿರಲಿ ಅಂತ ಮಾಡಿದ್ದು. ನೀವು ಏನು ನೋಡಬೇಕು ಅಂತ ಕೇಳಿದಿರಿ. ನಾನು ನಾಲ್ಕೇ ಹೇಳುತ್ತೇನೆ.

ಸೆರ್ಗೆಯ್ ದ್ವೋರ್ತ್ಸೆವೊಯ್ ಅವರ "ರೊಟ್ಟಿಯ ದಿನ", 1998. ಪೀಟರ್ಸ್‌ಬರ್ಗ್‌ನಿಂದ ಸ್ವಲ್ಪ ದೂರದ ಒಂದು ಪುಟ್ಟ ವಸತಿ. ವಾರಕ್ಕೊಮ್ಮೆ ರೈಲು ಒಂದು ಬೋಗಿ ಬ್ರೆಡ್ ಬಿಟ್ಟು ಹೋಗುತ್ತದೆ. ಊರಿನ ತನಕ ಅಲ್ಲ, ದೂರದಲ್ಲಿ. ಅಲ್ಲಿಂದ ಮುದುಕ ಮುದುಕಿಯರು ಆ ಬೋಗಿಯನ್ನು ಕೈಯಲ್ಲಿ ತಳ್ಳಿಕೊಂಡು ಬರುತ್ತಾರೆ. ಕತ್ತರಿಯೇ ಬೀಳದ ಉದ್ದನೆಯ ಶಾಟ್. ಆಮೇಲೆ ಅಂಗಡಿಯಲ್ಲಿ ಬ್ರೆಡ್ಡಿಗೆ ಜಗಳ. ಯಾರೂ ಕ್ಯಾಮೆರಾ ನೋಡಿ ತಮ್ಮ ಬದುಕು ಹೇಗಿದೆ ಅಂತ ವಿವರಿಸುವುದಿಲ್ಲ. ಆ ಜಗಳದಲ್ಲೇ ಇಡೀ ಊರು ಗೊತ್ತಾಗುತ್ತದೆ.

ವಿಕ್ಟರ್ ಕೊಸಕೋವ್ಸ್ಕಿ ಅವರದ್ದು ಎರಡು. 1997ರ "ಬುಧವಾರ"ದಲ್ಲಿ ತಾನು ಹುಟ್ಟಿದ ದಿನವೇ, ಅಂದರೆ 1961ರ ಜುಲೈ 19ರಂದು, ಲೆನಿನ್‌ಗ್ರಾಡ್‌ನಲ್ಲಿ ಹುಟ್ಟಿದವರನ್ನೆಲ್ಲ ಹುಡುಕಿಕೊಂಡು ಹೋಗುತ್ತಾರೆ. ತನ್ನ ಕಥೆ ಹೇಳಬೇಕು, ಆದರೆ ತನ್ನ ಬಗ್ಗೆ ಮಾತಾಡಬಾರದು ಅನ್ನುವವನಿಗೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ. 2002ರ "ಶ್!" ಇನ್ನೂ ಮಜಾ. ಪೀಟರ್ಸ್‌ಬರ್ಗ್‌ನ 300ನೇ ವರ್ಷದ ಹಬ್ಬಕ್ಕೆ ಅವರ ಮನೆ ಮುಂದಿನ ರಸ್ತೆ ರಿಪೇರಿ ನಡೆಯುತ್ತಿರುತ್ತದೆ. ಅಗೆಯುತ್ತಾರೆ, ಮುಚ್ಚುತ್ತಾರೆ, ಮತ್ತೆ ಅದೇ ಜಾಗ ಅಗೆಯುತ್ತಾರೆ. ಇದನ್ನೆಲ್ಲ ತಮ್ಮ ಕಿಟಕಿಯಿಂದ ತೆಗೆದಿದ್ದಾರೆ. ಸ್ಥಳೀಯ ಬದುಕು ಅಂದರೆ ದೂರದ ಹಳ್ಳಿಗೇ ಹೋಗಬೇಕಿಲ್ಲ ಅನ್ನುವುದಕ್ಕೆ ಇದನ್ನು ನೋಡಿ.

ನಾಲ್ಕನೆಯದು ವಿತಾಲಿ ಮಾನ್ಸ್ಕಿ ಅವರ "ಖಾಸಗಿ ದಿನಚರಿ", 1999. ಇದನ್ನು ಹುಷಾರಾಗಿ ನೋಡಿ. ಸೋವಿಯತ್ ಕಾಲದ ಎಷ್ಟೋ ಕುಟುಂಬಗಳು ತೆಗೆದ ಮನೆಯ ಸಿನಿಮಾ ಕೂಡಿಸಿ, 1961ರಲ್ಲಿ ಹುಟ್ಟಿದ ಒಬ್ಬ ಕಾಲ್ಪನಿಕ ಮನುಷ್ಯನ ಬದುಕು ಅಂತ ಹೆಣೆದಿದ್ದಾರೆ. ಮೇಲೊಂದು ಧ್ವನಿ "ಇವರು ನಮ್ಮಪ್ಪ, ಇವರು ನಮ್ಮಮ್ಮ" ಅಂತ ಹೇಳುತ್ತಾ ಹೋಗುತ್ತದೆ. ಪರದೆಯ ಮೇಲಿರುವವರು ಯಾರ್ಯಾರೋ. ಭಾರಿ ಜಾಣ ಸಿನಿಮಾ, ನನಗೆ ಬಹಳ ಇಷ್ಟ. ಆದರೆ ಪ್ರತಿ ಸಲ ನೋಡಿದಾಗಲೂ ಆ ಅಪ್ಪ ಅಮ್ಮಂದಿರು ನಿಜಕ್ಕೂ ಯಾರಿದ್ದರೋ ಅಂತ ಒಂದು ಚುಚ್ಚುವಿಕೆ ಉಳಿಯುತ್ತದೆ. ನಿಮ್ಮ ಅಜ್ಜನ ರೀಲಿನ ಮೇಲೆ ನಿಮ್ಮ ಧ್ವನಿ ಕೂರಿಸುವ ಮೊದಲು ಆ ಚುಚ್ಚುವಿಕೆ ನಿಮಗೂ ಆಗಲಿ.

ಕೊನೆಗೆ ಕೆಲಸದ ಮಾತು. ಕಿಟಕಿ ಪಕ್ಕದ ಕುರ್ಚಿ ತೆಗೆಯಿರಿ. ಅಜ್ಜಿಯ ವಯಸ್ಸಿನ, ಅದೇ ಊರಿನ ಇನ್ನೊಬ್ಬರು ಆ ಬಡಾವಣೆಯಲ್ಲಿ ಇದ್ದೇ ಇರುತ್ತಾರೆ. ಇಬ್ಬರನ್ನೂ ಒಂದೇ ಅಡುಗೆಮನೆಯಲ್ಲಿ ಬಿಟ್ಟು ನೀವು ಮೂಲೆಯಲ್ಲಿರಿ. ಒಬ್ಬರೇ ಇದ್ದರೆ ಯಾರೂ ತಿದ್ದುವವರಿಲ್ಲ. ಇಬ್ಬರಿದ್ದರೆ "ಹಾಗಲ್ಲ, ಹೀಗೆ" ಅಂತ ಶುರುವಾಗುತ್ತದೆ. ನಿಮಗೆ ಬೇಕಾದದ್ದು ಆ "ಹಾಗಲ್ಲ".

---

ಎಂಟು_ಮಿಮೀ:

ಸಿನಿಮಾ ಹೇಗೆ ಮಾಡಬೇಕು ಅನ್ನುವುದನ್ನು ಮೇಲಿನವರು ಹೇಳಿದರು, ಅದರಲ್ಲಿ ನಾನು ಬಾಯಿ ಹಾಕಲ್ಲ. ನನಗೆ ಗೊತ್ತಿರುವುದು ಫಿಲ್ಮು ಮಾತ್ರ. ಆದರೆ ಆ ಅಂಗಡಿಯವನು ಹೇಳಿದ್ದನ್ನು ಓದಿ ಸುಮ್ನಿರಲು ಆಗಲಿಲ್ಲ.

ಕೈತಪ್ಪಿ ಓಡಿದ ರೀಲು ಅಲ್ಲ ಅದು. ಆಗುವುದಕ್ಕೆ ಸಾಧ್ಯವೇ ಇಲ್ಲ!

ನಾನು ಕಜಾನ್‌ನಲ್ಲಿ ಓದುವಾಗ ಸಂತೆಯಲ್ಲಿ ಒಂದು ಕ್ವಾರ್ಟ್ಸ್-2 ಕೊಂಡಿದ್ದೆ, ಈಗಲೂ ಇದೆ. (ಕಜಾನ್‌ನಲ್ಲೇ ತಾಸ್ಮಾ ಫಿಲ್ಮ್ ಕಾರ್ಖಾನೆ. ಇನ್ನೊಂದು ಬ್ರ್ಯಾಂಡ್ ಸ್ವೆಮಾ, ಅದು ಉಕ್ರೇನಿನ ಶೋಸ್ತ್ಕಾದಲ್ಲಿ ಆಗುತ್ತಿತ್ತು. ಕ್ಯಾಮೆರಾ ಮಾಡುತ್ತಿದ್ದದ್ದು ಮಾಸ್ಕೋ ಪಕ್ಕದ ಕ್ರಸ್ನೊಗೊರ್ಸ್ಕ್‌ನಲ್ಲಿ. ದೇಶದ ಸರ್ಕಾರಿ ಸಾಕ್ಷ್ಯಚಿತ್ರ ಭಂಡಾರ ಇರುವುದೂ ಅದೇ ಊರಿನಲ್ಲಿ. ಒಂದೇ ಊರಿನಿಂದ ಮನೆ ಮನೆಗೆ ಕ್ಯಾಮೆರಾ ಹೋಯಿತು, ಭಂಡಾರದ ಒಳಗೆ ಮಾತ್ರ ಮನೆಯ ರೀಲುಗಳಿಗೆ ಅಷ್ಟಾಗಿ ಜಾಗ ಸಿಗಲಿಲ್ಲ. ಇರಲಿ.)

ಈ ಕ್ಯಾಮೆರಾದಲ್ಲಿ ಬ್ಯಾಟರಿ ಇಲ್ಲ. ಗಡಿಯಾರದ ಹಾಗೆ ಸ್ಪ್ರಿಂಗ್. ಪಕ್ಕದ ಕೀಲಿ ತಿರುಗಿಸಿ ತಿರುಗಿಸಿ ಬಿಗಿ ಮಾಡಬೇಕು. ಒಂದು ಸಲ ಪೂರ್ತಿ ಬಿಗಿದರೆ ಅರ್ಧ ನಿಮಿಷದ ಆಸುಪಾಸು ಓಡುತ್ತದೆ, ಆಮೇಲೆ ನಿಲ್ಲುತ್ತದೆ. ಮತ್ತೆ ಬಿಗಿ ಮಾಡಬೇಕು. ಅಂದರೆ ಒಂದು ರೀಲು ಪೂರ್ತಿ ನೀರು ತೆಗೆಯಬೇಕಾದರೆ ನಿಮ್ಮ ಅಜ್ಜ ಕಡಿಮೆ ಅಂದರೂ ಎಂಟು ಹತ್ತು ಸಲ ಕೀಲಿ ತಿರುಗಿಸಿ, ಕ್ಯಾಮೆರಾ ಕಣ್ಣಿಗಿಟ್ಟು, ಗುಂಡಿ ಒತ್ತಿದ್ದಾರೆ. ನಿಧಾನವಾಗಿ ನೋಡಿ, ಅಲ್ಲಲ್ಲಿ ಸಣ್ಣ ಜಿಗಿತ ಕಾಣಿಸಬೇಕು.

ಈಗ ಬಿಳಿ ಬೆಳಕಿಗೆ ಬರೋಣ. ಅದೂ ಹಾಳಾದದ್ದಲ್ಲ. ಈ ಫಿಲ್ಮು 2×8. ಅಂದರೆ 16 ಮಿ.ಮೀ. ಅಗಲದ, 10 ಮೀಟರ್ ಉದ್ದದ ಪಟ್ಟಿ. ಮೊದಲು ಒಂದು ಅರ್ಧದಲ್ಲಿ ಚಿತ್ರ ಬೀಳುತ್ತದೆ. 10 ಮೀಟರ್ ಮುಗಿದ ಮೇಲೆ ಕ್ಯಾಮೆರಾ ತೆರೆದು, ಸುರುಳಿ ಮಗುಚಿ ಹಾಕಿ, ಇನ್ನೊಂದು ಅರ್ಧದಲ್ಲಿ ತೆಗೆಯಬೇಕು. ಸಂಸ್ಕರಣೆ ಆದ ಮೇಲೆ ನಡುವೆ ಸೀಳಿ, ಎರಡನ್ನೂ ಉದ್ದಕ್ಕೆ ಅಂಟಿಸುತ್ತಾರೆ. ಮಗುಚುವಾಗ ತುದಿಗೆ ಬೆಳಕು ತಾಗುತ್ತದೆ. ನೀವು ನೋಡಿದ ಬಿಳುಪು ಅದೇ.

ಇದರ ಅರ್ಥ ಏನು ಗೊತ್ತಾ? ಅರ್ಧ ರೀಲು ನೀರು ತೆಗೆದಾದ ಮೇಲೆ ಆ ಮನುಷ್ಯ ದೋಣಿಯಲ್ಲೇ, ಬಹುಶಃ ಕೋಟಿನ ಕೆಳಗೆ ಕೈ ಹಾಕಿ, ಕ್ಯಾಮೆರಾ ತೆರೆದಿದ್ದಾರೆ. ಸುರುಳಿ ಮಗುಚಿದ್ದಾರೆ. ಮುಚ್ಚಿದ್ದಾರೆ. ಮತ್ತೆ ನೀರನ್ನೇ ತೆಗೆದಿದ್ದಾರೆ. ಆಗ ಫಿಲ್ಮು ಪುಕ್ಕಟೆ ಸಿಗುತ್ತಿರಲಿಲ್ಲ, ಒಂದು ರೀಲಿನಲ್ಲಿ ಮದುವೆ ಮುಗಿಸುತ್ತಿದ್ದರು. ಇದು ಬೇಕಂತಲೇ ತೆಗೆದದ್ದು.

ಇನ್ನು ಅಲೆಗಳ ಗಡಿಬಿಡಿ. ನಿಮ್ಮ ಅಂಗಡಿಯವನು ಸೆಕೆಂಡಿಗೆ 25 ಚೌಕಟ್ಟಿನ ಲೆಕ್ಕದಲ್ಲಿ ಓಡಿಸಿದ್ದಾನೆ. ಆ ಕಾಲದ 8 ಮಿ.ಮೀ. ಓಡಬೇಕಾದದ್ದು 16ರಲ್ಲಿ. 20 ಮೀಟರ್ ಅಂದರೆ 5,250 ಚೌಕಟ್ಟಿನ ಹತ್ತಿರ. 25ರಲ್ಲಿ ಭಾಗಿಸಿದರೆ ನಿಮ್ಮ ಮೂರೂವರೆ ನಿಮಿಷ. 16ರಲ್ಲಿ ಭಾಗಿಸಿದರೆ ಐದೂವರೆ. ಎರಡು ನಿಮಿಷದ ನೀರು ಅಂಗಡಿಯವನು ನುಂಗಿದ್ದಾನೆ. 14 ರೀಲೂ ಹೀಗೇ ಆಗಿರುತ್ತವೆ, ನಿಮ್ಮ ಅತ್ತೆ ಸ್ಲೆಡ್ಜ್ ಮೇಲೆ ಕಾರ್ಟೂನಿನ ಹಾಗೆ ಓಡುತ್ತಿರಬೇಕು. ಫೈಲಿನ ವೇಗ ಇಳಿಸಿದರೆ ಸರಿಹೋಗುತ್ತದೆ. ಆಗದಿದ್ದರೆ ಚೌಕಟ್ಟು ಚೌಕಟ್ಟಾಗಿ ಸ್ಕ್ಯಾನ್ ಮಾಡುವವರ ಹತ್ತಿರ ಇನ್ನೊಮ್ಮೆ ಮಾಡಿಸಿ.

ಮೂಲ ರೀಲು ಯಾವ ಕಾರಣಕ್ಕೂ ಬಿಸಾಡಬೇಡಿ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬರುತ್ತಾ ನೋಡಿ. ಬಂದರೆ ಫಿಲ್ಮು ಒಳಗಿಂದ ಕೊಳೆಯುತ್ತಿದೆ ಅಂತ. ಅಂಥದನ್ನು ಬೇರೆ ರೀಲುಗಳಿಂದ ದೂರ ಇಡಿ, ಅದು ಪಕ್ಕದವಕ್ಕೂ ಹಬ್ಬುತ್ತದೆ. ತಂಪಾದ, ಒಣಗಿದ ಜಾಗ ಸಾಕು. ಹಳೇ ಪ್ರೊಜೆಕ್ಟರ್ ಸಿಕ್ಕಿದರೆ ಹಾಕಿ ನೋಡುವ ಆಸೆ ಆಗುತ್ತದೆ, ಮಾಡಬೇಡಿ. ಕುಗ್ಗಿದ ಫಿಲ್ಮಿನ ತೂತು ಹಲ್ಲಿಗೆ ಸಿಕ್ಕಿ ಹರಿಯುತ್ತದೆ. ನಾನೇ ಒಂದನ್ನು ಹಾಗೆ ಕೊಂದಿದ್ದೇನೆ. ಡಬ್ಬಿಯ ಮೇಲಿನ ಪೆನ್ಸಿಲ್ ಬರಹವನ್ನೂ ಫೋಟೋ ತೆಗೆದಿಡಿ.

---

ಸುಮ್ನೆ_ನೋಡುಗ:

ಎಂಟು_ಮಿಮೀ ಅವರೇ, ಕೋಟಿನ ಕೆಳಗೆ ಕೈ ಹಾಕಿದ್ದು ಓದಿ ಮೈ ಜುಮ್ ಅಂತು.

ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಮಾಡಿದ ಮೇಲೆ ಎಲ್ಲಿ ತೋರಿಸುತ್ತೀರಿ? ಇದನ್ನು ಮೊದಲೇ ಯೋಚಿಸಿ. ರಷ್ಯಾದಲ್ಲಿ ಚಿತ್ರಮಂದಿರದಲ್ಲಿ ಹಾಕಬೇಕಾದರೆ ಸಂಸ್ಕೃತಿ ಸಚಿವಾಲಯದ ಪ್ರದರ್ಶನ ಪತ್ರ ಬೇಕು. 2014ರ ಜುಲೈನಿಂದ ಕೆಟ್ಟ ಬೈಗುಳ ಇರುವ ಚಿತ್ರಕ್ಕೆ ಆ ಪತ್ರ ಸಿಗುವುದಿಲ್ಲ. ಕಥಾಚಿತ್ರದವರು ಸಂಭಾಷಣೆ ಬದಲಿಸಿಕೊಳ್ಳಬಹುದು. ಸಾಕ್ಷ್ಯಚಿತ್ರದವರು ಏನು ಮಾಡಬೇಕು? ಜನ ಹೇಗೆ ಮಾತಾಡುತ್ತಾರೋ ಹಾಗೆ ಮಾತಾಡುತ್ತಾರೆ. ಅಜ್ಜಿ ಬೈದರೆ ಅಲ್ಲಿಗೆ ಮುಗಿಯಿತು.

ಸ್ವತಂತ್ರ ಸಾಕ್ಷ್ಯಚಿತ್ರಗಳಿಗೆ ದೊಡ್ಡ ವೇದಿಕೆ ಆಗಿದ್ದದ್ದು ಆರ್ಟ್‌ಡಾಕ್‌ಫೆಸ್ಟ್, ಮಾನ್ಸ್ಕಿ ಅವರೇ 2007ರಲ್ಲಿ ಶುರು ಮಾಡಿದ್ದು. 2014ರಲ್ಲಿ ಆಗಿನ ಸಂಸ್ಕೃತಿ ಸಚಿವ ವ್ಲಾದಿಮಿರ್ ಮೆದಿನ್ಸ್ಕಿ ಅದಕ್ಕೆ ಸರ್ಕಾರದ ದುಡ್ಡು ಕೊಡುವುದಿಲ್ಲ ಅಂದರು. ಮಾನ್ಸ್ಕಿ ಅದೇ ವರ್ಷ ಲಾಟ್ವಿಯಾದ ರಿಗಾಗೆ ಹೋದರು, ಉತ್ಸವವೂ ನಿಧಾನಕ್ಕೆ ಅವರ ಹಿಂದೆಯೇ ಅಲ್ಲಿಗೆ ಹೋಯಿತು. 2022ರ ಏಪ್ರಿಲ್‌ನಲ್ಲಿ ಮಾಸ್ಕೋದಲ್ಲಿ ಅವರ ಮೇಲೆ ಕೆಂಪು ಬಣ್ಣ ಎರಚಿದರು, ಅಲ್ಲಿನ ಪ್ರದರ್ಶನ ನಿಂತಿತು. ಆ ವರ್ಷದಿಂದೀಚೆಗೆ ಎಷ್ಟೋ ನಿರ್ದೇಶಕರು ದೇಶ ಬಿಟ್ಟರು. ಇದ್ದವರಲ್ಲಿ ತುಂಬಾ ಜನ ಸದ್ದಿಲ್ಲದೆ ಸಣ್ಣ ಸಣ್ಣ ಊರಿನ, ಮನೆಯ ಚಿತ್ರ ಮಾಡುತ್ತಿದ್ದಾರೆ. ಅದಕ್ಕೆ ಪ್ರೀತಿಯೂ ಕಾರಣ, ಬೇರೆ ವಿಷಯ ಮುಟ್ಟಲಾಗದ್ದೂ ಕಾರಣ. ಪೆರ್ಮ್ ನಗರದಲ್ಲಿ ಫ್ಲಹರ್ಟಿಯಾನಾ ಅಂತ ಉತ್ಸವ ಇದೆ, 1995ರಿಂದ. ಒಬ್ಬ ಮನುಷ್ಯನ ಜೊತೆ ಬಹಳ ದಿನ ಇದ್ದು ಮಾಡಿದ ಚಿತ್ರಗಳೇ ಅವರಿಗೆ ಇಷ್ಟ.

ಆದರೆ ನನ್ನನ್ನು ಕೇಳಿದರೆ ಉತ್ಸವ ಆಮೇಲೆ. ಮೊದಲು ಆ ಬಡಾವಣೆಯವರಿಗೇ ತೋರಿಸಿ. ಇದು ಹೊಸ ಉಪಾಯವೇನಲ್ಲ. 1932ರಲ್ಲಿ ಸೋವಿಯತ್ ನಿರ್ದೇಶಕ ಅಲೆಕ್ಸಾಂಡರ್ ಮೆದ್ವೆದ್ಕಿನ್ ಒಂದು ರೈಲಿನಲ್ಲೇ ಲ್ಯಾಬು, ಎಡಿಟಿಂಗ್ ಕೋಣೆ ಎಲ್ಲ ಇಟ್ಟುಕೊಂಡು ಊರೂರು ಸುತ್ತಿದರು. ಅಲ್ಲೇ ತೆಗೆದು, ಅಲ್ಲೇ ತೊಳೆದು, ಅದೇ ಜನರಿಗೆ ತೋರಿಸುತ್ತಿದ್ದರು. ಅದೇನು ಮುಗ್ಧ ಕೆಲಸ ಅಲ್ಲ, ಕೆಲಸ ಕದಿಯುವವರ ಮಾನ ಹರಾಜು ಹಾಕುವುದು ಅದರ ಒಂದು ಉದ್ದೇಶ. ಆದರೂ ತಮ್ಮದೇ ಮುಖ ಪರದೆ ಮೇಲೆ ನೋಡಿದ ಜನ ಸುಮ್ನೆ ಕೂರುವುದಿಲ್ಲ, ಎದ್ದು ನಿಂತು ಮಾತಾಡುತ್ತಾರೆ. ರಿಬಿನ್ಸ್ಕ್‌ನಲ್ಲಿ ಮೊಲೊಗಾದ ಮ್ಯೂಸಿಯಂ ಇದೆಯಲ್ಲ, ಅಲ್ಲಿ ಕೇಳಿ ನೋಡಿ.

ಮತ್ತೆ ಒಂದು: ನೀವು ಕೈದಿಗಳ ವಿಷಯ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದಿರಿ. ಸಿನಿಮಾದಲ್ಲೂ ಹಾಗೇ ಮಾಡಬೇಡಿ. ಅದನ್ನು ಬಿಟ್ಟರೆ ಕಥೆ ಮಂಜು ಮುಸುಕಿದ ಸುಂದರ ಕೆರೆ ಆಗಿಬಿಡುತ್ತದೆ.

---

ವೋಲ್ಗಾ_ಅಳಿಯ:

ಎರಡು ವಾರ ಆಯಿತು, ಕ್ಷಮಿಸಿ. ಎಲ್ಲರಿಗೂ ಥ್ಯಾಂಕ್ಸ್. ಆದದ್ದನ್ನು ಹಾಗೇ ಬರೆಯುತ್ತೇನೆ.

ಮೊದಲು ವೇಗ ಇಳಿಸಿದೆ. ಐದು ನಿಮಿಷ 28 ಸೆಕೆಂಡ್. ಅಲೆಗಳು ಈಗ ಅಲೆಗಳ ಹಾಗಿವೆ. ಜಿಗಿತ ಎಣಿಸಿದೆ, ಬಿಳುಪಿನ ಮುಂಚೆ ಆರು, ಆಮೇಲೆ ಐದು. ಮೂರನೇ ತುಂಡಿನಲ್ಲಿ ಎಡಗಡೆ ಮೂಲೆಯಲ್ಲಿ ಒಂದು ತೇಲುಗಂಬ ಬಂದು ಹೋಗುತ್ತದೆ, ಹಡಗಿಗೆ ದಾರಿ ತೋರಿಸುವಂಥದು. ಮೊದಲು ಅದು ಕಣ್ಣಿಗೇ ಬಿದ್ದಿರಲಿಲ್ಲ.

ಪಕ್ಕದ ಬೀದಿಯಲ್ಲಿ ಇನ್ನೊಬ್ಬ ಅಜ್ಜಿ ಇದ್ದಾರೆ, ಇವರಿಗಿಂತ ಮೂರು ವರ್ಷ ದೊಡ್ಡವರು, ಅದೇ ಮೊಲೊಗಾ. ಭಾನುವಾರ ಕರೆದುಕೊಂಡು ಬಂದೆ. ಇಬ್ಬರೂ ಒಣಗಿದ ಅಣಬೆ ಆರಿಸುತ್ತಾ ಕೂತರು. ಸ್ಟ್ಯಾಂಡ್ ಮನೆಯಲ್ಲೇ ಬಿಟ್ಟಿದ್ದೆ. ಕ್ಯಾಮೆರಾ ಮಡಿಲಲ್ಲಿ ಇಟ್ಟುಕೊಂಡು ಒಲೆಯ ಪಕ್ಕದ ಮೂಲೆಯಲ್ಲಿ ಕೂತೆ. ಒಂದು ಗಂಟೆ ಬರೀ ಔಷಧದ ಬೆಲೆ, ಸೊಸೆಯರು, ಯಾರದೋ ಕಾಲು ನೋವು. ನನಗೆ ನಿದ್ದೆ ಬಂದಿತ್ತು. ಲ್ಯಾಪ್‌ಟಾಪ್ ಮೇಜಿನ ಕೊನೆಯಲ್ಲಿತ್ತು, ಹೆಂಡತಿ ಏನೂ ಹೇಳದೆ ನೀರಿನ ರೀಲು ಹಾಕಿ ಹೊರಗೆ ಹೋದಳು.

ಅಜ್ಜಿ ಕನ್ನಡಕ ಹಾಕಿಕೊಳ್ಳಲಿಲ್ಲ. ಆ ಇನ್ನೊಬ್ಬರು ಹಾಕಿಕೊಂಡರು. ತೇಲುಗಂಬ ಬಂದ ಕೂಡಲೇ "ಓಹೋ, ಇದು ನಮ್ಮ ಕಡೆ" ಅಂದರು. ಅಜ್ಜಿ ತಲೆ ಎತ್ತಲಿಲ್ಲ, "ಹಾಗಲ್ಲ" ಅಂದರು! (ಕತ್ತರಿ_ಮೇಜು ಅವರೇ, ನಾನು ಬೆಚ್ಚಿಬಿದ್ದೆ.) "ಹಾಗಲ್ಲ, ಗಂಬದಿಂದ ಎಡಕ್ಕೆ ನಿಮ್ಮದು. ಬಲಕ್ಕೆ ನಮ್ಮದು." ಅವರು ಒಪ್ಪಲಿಲ್ಲ. ಹಡಗು ಯಾವ ಕಡೆಯಿಂದ ಹೋಗುತ್ತಿತ್ತು ಅನ್ನುವುದರ ಮೇಲೆ ಶುರುವಾಗಿ, ಬೇಕರಿ ಯಾರ ಮನೆಯ ಎದುರಿತ್ತು, ಮಠದ ಗೋಡೆ ಯಾವ ಬಣ್ಣ ಅನ್ನುವ ತನಕ ಹೋಯಿತು. ಅಣಬೆಯ ಮೇಲೆ ಬೀದಿಗಳನ್ನು ಮಾಡಿ ತೋರಿಸಿದರು. ಒಳ್ಳೇದು ಇತ್ತ, ಹುಳ ಬಿದ್ದದ್ದು ಅತ್ತ ಅಂತ ಆರಿಸಿಟ್ಟಿದ್ದೆಲ್ಲ ಕಲಸಿಹೋಯಿತು. ನಲವತ್ತು ನಿಮಿಷ. ಪರದೆ ಮೇಲೆ ನೀರು ಯಾವಾಗಲೋ ಮುಗಿದಿತ್ತು.

ಅವರು ಹೋದ ಮೇಲೆ ಅಜ್ಜಿಯನ್ನು ಒಂದೇ ಒಂದು ಕೇಳಿದೆ, ತಡೆಯಲಾಗಲಿಲ್ಲ. ಆ ರೀಲು ತೆಗೆದ ದಿನ ಹಡಗಿನಲ್ಲಿ ನೀವೂ ಇದ್ದಿರಾ ಅಂತ. ಊರಿನವರೆಲ್ಲ ಸೇರಿ ಹೋಗಿದ್ದರಂತೆ, ನೀರಿಗೆ ಹೂವು ಹಾಕಲು. ಅಜ್ಜ ಮೊಲೊಗಾದವರಲ್ಲ, ವೊಲೊಗ್ದಾ ಕಡೆಯವರು. "ಅವನಿಗೇನು ಗೊತ್ತಿತ್ತು? ಸುಮ್ನೆ ತಿರುಗಿಸುತ್ತಿದ್ದ" ಅಂದರು. ಕೈಯಲ್ಲಿ ಕೀಲಿ ತಿರುಗಿಸುವ ಹಾಗೆ ಮಾಡಿ ತೋರಿಸಿದರು, ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ, ಟಕ್ ಟಕ್ ಅಂತ.

"ನೀವು ಎಲ್ಲಿದ್ದಿರಿ?" ಅಂದೆ.

"ಒಳಗೆ, ಕ್ಯಾಬಿನ್ನಿನಲ್ಲಿ. ಹೊರಗೆ ಬರಲಿಲ್ಲ. ಚಳಿ ಇತ್ತು."

ಆಗಸ್ಟ್ ತಿಂಗಳು.

---

ಎಂಟು_ಮಿಮೀ:

ಒಳಗೆ ಕೂತವರಿಗೆ ತೋರಿಸಲಿಕ್ಕೆ ತೆಗೆದದ್ದಾ ಹಾಗಾದರೆ?

---

ವೋಲ್ಗಾ_ಅಳಿಯ:

ಗೊತ್ತಿಲ್ಲ. ನಾನೂ ಅದನ್ನೇ ಯೋಚಿಸುತ್ತಿದ್ದೇನೆ. ಮನೆಯಲ್ಲಿ ಆ ರೀಲು ಹಾಕಿ ನೋಡಿದ ನೆನಪು ಅತ್ತೆಗೂ ಇಲ್ಲ.

---

ಕತ್ತರಿ_ಮೇಜು:

ಕೊನೆಯ ಮಾತಿನ ಹೊತ್ತಿಗೆ ಮೈಕ್ ಆನ್ ಇತ್ತಾ?

---

ವೋಲ್ಗಾ_ಅಳಿಯ:

ಇತ್ತು. ಆದರೆ "ಚಳಿ ಇತ್ತು" ಅನ್ನುವಾಗಲೇ ಒಲೆ ಮೇಲಿನ ಕೆಟಲ್ ಕೂಗಿತು. ಅರ್ಧ ಮಾತು ಅದರಲ್ಲಿ ಮುಚ್ಚಿಹೋಗಿದೆ. ಸದ್ದು ತೆಗೆಯುವ ಸಾಫ್ಟ್‌ವೇರ್ ಯಾವುದು ಒಳ್ಳೆಯದು?

---

ಕತ್ತರಿ_ಮೇಜು:

ಕೆಟಲ್ ಇರಲಿ.